ತಡವಾಗಿ ಮೂಡುವ ಅಕ್ಷರಗಳು

ಅವನು ಉತ್ತರವನ್ನೇ ಕೊಡಲಿಲ್ಲವೋ, ಕೊಟ್ಟ ಉತ್ತರ ಪರದೆಯ ಮೇಲೆ ಮೂಡಲಿಲ್ಲವೋ?

ವಾರದಿಂದ ಅವಳಿಗೆ ಇದೊಂದೇ ಯೋಚನೆ. ತಿಳಿಯದಿದ್ದರೆ ತಲೆ ಕೆಟ್ಟೇ ಹೋಗುತ್ತದೆ ಅನಿಸಿ, ಬೆಳಿಗ್ಗೆಯೇ ಅವನ ಮನೆಗೆ ಬಂದಿದ್ದಳು.

ಅವನು ಅನುವಾದಕ. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ದನಿ ಹೋಗಿತ್ತು. ಮಡಿಲಲ್ಲಿ ಕೀಬೋರ್ಡ್ ಇಟ್ಟುಕೊಂಡು, ಕಂಪ್ಯೂಟರಿನಲ್ಲಿ ಬರೆಯುವ ಸಾಫ್ಟ್‌ವೇರ್ ಆದ ಎಡಿಟರ್‌ನಲ್ಲಿ ಟೈಪ್ ಮಾಡಿಯೇ ಮಾತಾಡುತ್ತಿದ್ದ. ಅವಳು ಪಕ್ಕದಲ್ಲಿ ಕೂತು ಓದುತ್ತಿದ್ದಳು. ಇತ್ತೀಚೆಗೆ ಅವನು ಟೈಪ್ ಮಾಡಿ ಎಷ್ಟೋ ಹೊತ್ತಾದ ಮೇಲೆ ಅಕ್ಷರ ಕಾಣಿಸುತ್ತಿತ್ತು.

ಬೇರೆ ಊರಿನ ಕಚೇರಿಗೆ ಕರೆದಿದ್ದಾರೆ, ಹೋಗಲೇ, ಇರಲೇ ಎಂದು ಕಳೆದ ವಾರ ಅವಳು ಕೇಳಿದ್ದಳು. ಅವನ ಬೆರಳು ನೋಡದೆ ಪರದೆಯನ್ನೇ ನೋಡುತ್ತಾ ಕಾದಳು. ವಿಂಡೋ ಬಿಳಿಚಿಕೊಂಡು ನಿಂತೇಬಿಟ್ಟಿತು. ಬಲವಂತವಾಗಿ ಮುಚ್ಚಿ ತೆರೆದಾಗ ಆ ಸಂಜೆಯದೇನೂ ಉಳಿದಿರಲಿಲ್ಲ. ಮತ್ತೆ ಕೇಳಲು ಅವಳಿಗೆ ಧೈರ್ಯ ಸಾಲಲಿಲ್ಲ. ಅವನೂ ಆ ಸಂಜೆ ಮತ್ತೆ ಕೀಬೋರ್ಡ್ ಮುಟ್ಟಲಿಲ್ಲ.

ಅವಳು ಕಚೇರಿಗೆ ಇವತ್ತು ಉತ್ತರ ಹೇಳಬೇಕು.

ಎಡಿಟರ್ ರಿಪೇರಿಗೆ ಬಂದೆ ಅಂದಾಗ ಅವನ ಅಕ್ಕ ಬಾಗಿಲಲ್ಲೇ ನಕ್ಕಳು. "ಮೊದಲು ಇವನನ್ನ ರಿಪೇರಿ ಮಾಡು ಡಾಕ್ಟರಮ್ಮ. ದನಿ ಹೋಯ್ತು, ಕೊಂಕು ಹೋಗಿಲ್ಲ."

ಸಾಫ್ಟ್‌ವೇರ್ ಪರೀಕ್ಷಿಸುವುದೇ ಅವಳ ಕೆಲಸ. ಅಕ್ಷರಗಳ ಬಣ್ಣ ತೆಗೆದಳು. ಗ್ರಾಫಿಕ್ಸ್ ಕಾರ್ಡಿನ ನೆರವು ನಿಲ್ಲಿಸಿ ನೋಡಿದಳು. ವಿಂಡೋ ಚಿಕ್ಕದು ಮಾಡಿದಳು. ಊಹೂಂ.

ಆಮೇಲೆ ಸಾಲಿನ ಸಂಖ್ಯೆ ಕಣ್ಣಿಗೆ ಬಿತ್ತು. ಪರದೆಯ ಅಂಚಿನಲ್ಲಿ ಮಡಿಚಿಕೊಂಡು ಹಲವು ಸಾಲಿನಂತೆ ಕಂಡರೂ, ಅಷ್ಟು ದೊಡ್ಡ ಫೈಲಿನಲ್ಲಿ ಇದ್ದದ್ದು ಒಂದೇ ಸಾಲು!

ಅವನು ಒಮ್ಮೆಯೂ ಎಂಟರ್ ಒತ್ತಿರಲಿಲ್ಲ. ಅವಳೊಡನೆ ಆಡಿದ ಮಾತೆಲ್ಲ ಒಂದೇ ಸಾಲಾಗಿ ಬೆಳೆದಿತ್ತು. ಒಂದಕ್ಷರ ಸೇರಿಸಿದರೂ ಎಡಿಟರ್ ಅದನ್ನೆಲ್ಲ ಹೊಸದಾಗಿ ಮೂಡಿಸಬೇಕಿತ್ತು.

"ಎಂಟರ್ ಒತ್ತೋಕೆ ಏನು ಕಷ್ಟ ನಿಂಗೆ?"

ಉತ್ತರ ತೆವಳುತ್ತಾ ಬಂತು: "ಒತ್ತಿದ್ರೆ ಮಾತು ಮುಗಿದ ಹಾಗೆ ಅನ್ಸುತ್ತೆ."

ಅವಳ ಎದೆ ಹಗುರಾಯಿತು. ಹಾಗಾದರೆ ಅಂದು ತಡೆದದ್ದು ಈ ಸಾಲೇ... ಅವನಲ್ಲ... ಅವಳು ಹೊಸ ಫೈಲ್ ತೆರೆದಳು. ಕರ್ಸರ್ ಖಾಲಿ ಬಿಳುಪಿನಲ್ಲಿ ಮಿನುಗಿತು.

"ಈಗ ಹೇಳು. ಹೋಗ್ಲಾ, ಇರ್ಲಾ?"

ಈ ಸಲ ಅವಳು ಪರದೆ ನೋಡಲಿಲ್ಲ, ಅವನ ಕೈ ನೋಡಿದಳು. ಬೆರಳುಗಳು ಕೀಲಿಗಳ ಮೇಲೆ ಸುಮ್ಮನೆ ಕೂತಿದ್ದವು. ಎಷ್ಟು ಹೊತ್ತು! ಕೊನೆಗೆ ಅಲುಗಿದವು. ಅಕ್ಷರಗಳು ಬೆರಳಿನ ಹಿಂದೆಯೇ ಓಡಿಬಂದವು.

"ನನ್ನ ಮಾತಿಗೆ ಕಾಯೋದೇ ನಿನ್ನ ಬದುಕಾಗೋದು ಬೇಡ. ಹೋಗು."

ದೂರಲು ಈಗ ಯಂತ್ರವೂ ಇರಲಿಲ್ಲ. ಅವಳು ಅವನ ಮಡಿಲಿನ ಕೀಬೋರ್ಡನ್ನು ನಿಧಾನವಾಗಿ ನೇರ ಮಾಡಿದಳು.

"ಈಗ ತಡ ಆಗ್ತಿಲ್ಲ, ಅಲ್ವಾ?"

"ಇಲ್ಲ. ಸರಿಯಾಗಿದೆ."

ಅವಳು ಚೀಲ ಎತ್ತಿಕೊಂಡು ಹೊರಟಳು.

ಅಂದು ಬಿಳಿಚಿಕೊಂಡ ಆ ವಿಂಡೋದಲ್ಲಿ, ಅವಳು ಕೇಳಿದ ಕೂಡಲೇ "ಇರು" ಎಂದು ಟೈಪ್ ಮಾಡಿದ್ದನ್ನು ಅವನು ಎಂದೂ ಹೇಳಲಿಲ್ಲ.