ಪೂರ್ತಿ ಒಣಗದ ಹನ್ನೆರಡು ತುಂಡುಗಳು

ಮಗಳ ಯೂನಿಫಾರ್ಮಿನ ಕಾಲರಿಗೆ ಇಸ್ತ್ರಿ ಇಟ್ಟಿದ್ದಳಷ್ಟೆ, ಕರೆಗಂಟೆ ಬಡಿದುಕೊಂಡಿತು. ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಹೋಗಿ ಬಾಗಿಲು ತೆರೆದಳು. ಕೈ ಚಿಲಕದ ಮೇಲೇ ನಿಂತುಬಿಟ್ಟಿತು.

ಅವನು! ಮೂರು ವರ್ಷಗಳ ನಂತರ... ಗಡ್ಡದಲ್ಲಿ ಬಿಳಿ ಕೂದಲು, ಕೈಯಲ್ಲೊಂದು ಲಕೋಟೆ.

“ಯಾರೇ ಅದು, ಹಾಲಿನವನಾ?” ಒಳಗಿನಿಂದ ಅವಳ ಅಮ್ಮನ ದನಿ.

“ಅಲ್ಲಮ್ಮಾ... ನಿನ್ನ ಅಳಿಯ.”

“ಹಾಗಾದ್ರೆ ಬಾಗಿಲು ಹಾಕು, ಸೊಳ್ಳೆ ಬರ್ತವೆ!”

ಅವನಿಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡ.

“ಐದು ನಿಮಿಷ ಸಾಕು ಕಣೇ.”

“ಗುಬ್ಬಿಗೆ ಸ್ಕೂಲಿದೆ. ನಂಗೂ ಅಲ್ಲೇ ಕೆಲಸ, ಲ್ಯಾಬಿನ ಗಾಜಿನ ಕೊಳವೆ ತೊಳೆಯೋದು. ಗೊತ್ತಲ್ಲ?”

ಅವನು ತಲೆ ತಗ್ಗಿಸಿದ.

ಒಂದು ಕಾಲದಲ್ಲಿ ಇಬ್ಬರದೂ ಒಂದೇ ಪ್ರಯೋಗಾಲಯ. ಸವೆದ ಮಂಡಿಯಲ್ಲಿ ಹೊಸ ಅಂಗಾಂಶ ಬೆಳೆಸಲು ಕೃತಕ ಪಾಲಿಮರಿನ ಪುಟ್ಟ ಹಂದರಗಳನ್ನು ಮಾಡುತ್ತಿದ್ದರು. ಸ್ಪಂಜಿನಂತಹ ಆ ಹಂದರದ ಮೇಲೆ ಜೀವಕೋಶಗಳು ಹಬ್ಬಬೇಕು. ಅದು ನೀರು ಕಡಿಮೆ ಕುಡಿದರೆ ಕೋಶಗಳು ಸೊರಗುತ್ತವೆ, ಹೆಚ್ಚು ಕುಡಿದರೆ ಹಂದರವೇ ಉಬ್ಬುತ್ತದೆ. ಮಿಶ್ರಣದಲ್ಲಿ ನೀರು ಹೀರುವ ಪಾಲನ್ನು ಹೆಚ್ಚು ಕಡಿಮೆ ಮಾಡಿ ಹದ ತರುವುದು ಅವಳ ಕೆಲಸ. ನೆನೆದ ತುಂಡಿನ ಮೇಲಿನ ನೀರನ್ನು ಕಾಗದದಿಂದ ಒತ್ತುವಾಗ, ಮಲಗಿದ ಮಗುವಿನ ಬಾಯಿ ಒರೆಸುವಂತಿರುತ್ತಿದ್ದ ಅವಳ ಬೆರಳುಗಳನ್ನು ನೋಡಿಯೇ ಅವನು, ‘ನನ್ನ ಮದುವೆ ಆಗ್ತೀಯಾ?’ ಅಂದಿದ್ದ!

ಆಮೇಲೊಮ್ಮೆ ಹಂದರಗಳು ಮೊಲಗಳ ಮಂಡಿಯಲ್ಲಿ ಹದ ಮೀರಿ ಉಬ್ಬಿದವು. ಹೊಲಿಗೆ ಬಿರಿದು, ನಂಜೇರಿ ಮೊಲಗಳು ಸತ್ತವು. ನೀರಿನ ಲೆಕ್ಕಕ್ಕೆಂದು ಅವಳು ಬರೆದ ಹನ್ನೆರಡು ತುಂಡುಗಳ ಒಣ ತೂಕವೇ ತಪ್ಪು ಎಂದಿತು ತನಿಖಾ ಸಮಿತಿ. ಅವನು ಎದುರಿಗೇ ಕೂತು ಹೇಳಿದ್ದು ಒಂದೇ ಮಾತು: “ಅವತ್ತು ಅವಳ ಗಮನ ಮಗುವಿನ ಜ್ವರದ ಮೇಲಿತ್ತು.”

ಕೆಲಸ ಹೋಯಿತು. ಆ ಒಂದು ಮಾತಿಗೆ, ಗುಬ್ಬಿಯ ಎದುರೇ ಜಗಳವಾಡಿ, ಅವಳು ಮಗಳೊಂದಿಗೆ ಅವನ ಮನೆಯನ್ನೂ ಬಿಟ್ಟಳು.

“ಆ ಹನ್ನೆರಡು ತುಂಡು...” ಅವನು ಲಕೋಟೆ ನೋಡುತ್ತ ಹೇಳಿದ. “ಎರಡು ದಿನ ಒಣಗಲಿ ಅಂತ ಓವನ್‌ನಲ್ಲಿಟ್ಟು ನೀನು ಗುಬ್ಬಿ ಹತ್ರ ಓಡಿದ್ಯಲ್ಲ... ನನ್ನ ಸ್ಯಾಂಪಲ್‌ಗಳಿಗೆ ಜಾಗ ಬೇಕಿತ್ತು. ನಿನ್ನ ಟ್ರೇ ಹೊರಗೆ ತೆಗೆದಿಟ್ಟೆ. ನೀನು ವಾಪಸ್ ಬರೋ ಸ್ವಲ್ಪ ಮುಂಚೆ ಒಳಗಿಟ್ಟೆ.”

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹಾಗಾದರೆ... ತಾನು ತೂಗಿದ್ದು ಪೂರ್ತಿ ಒಣಗದ ತುಂಡುಗಳನ್ನು! ಒಳಗೆ ಉಳಿದ ನೀರೂ ಅವುಗಳ ಸ್ವಂತ ತೂಕಕ್ಕೇ ಸೇರಿತ್ತು. ಇವು ಕುಡಿಯುವುದು ಸಾಲದು ಅಂದುಕೊಂಡು, ನೀರು ಹೀರುವ ಪಾಲನ್ನು ಹೆಚ್ಚಿಸಿದ್ದಳು...

“ಸಮಿತಿ ಮುಂದೆ ಕೂತಾಗ್ಲೇ ಗೊತ್ತಿತ್ತಾ?”

“ಗೊತ್ತಿತ್ತು. ಹೆದರಿದ್ದೆ.”

“ಮೂರು ವರ್ಷ! ಆ ಮೊಲಗಳನ್ನ ಕೊಂದಿದ್ದು ನಾನೇ ಅಂದ್ಕೊಂಡು ಬದುಕಿದೀನಿ ಕಣೋ!”

“ಎಲ್ಲಾ ಬರೆದು ಸಮಿತಿಗೆ ಕೊಟ್ಟೆ. ಇದು ಅದರ ಪ್ರತಿ. ಕೆಲಸನೂ ಬಿಟ್ಟೆ.”

“ಭೇಷ್! ಚಪ್ಪಾಳೆ ತಟ್ಲಾ?”

“ಬೈಯಿ... ನಿನ್ನ ಬಿಟ್ಟು ಒಂದು ದಿನಾನೂ ನೆಮ್ಮದಿಯಾಗಿ ಊಟ ಮಾಡಿಲ್ಲ.”

“ಮಾಡ್ಲೂಬಾರ್ದು!”

ಅಂದವಳ ಕಣ್ಣು ಅವನ ಅಂಗಿಯ ಮೇಲೆ ಹೋಯಿತು. ಎರಡನೇ ಗುಂಡಿ ಇಲ್ಲ. ಹಾಳು ಮನಸ್ಸೇ, ಈಗಲೂ ಇದನ್ನೇ ನೋಡ್ತೀಯಲ್ಲ!

“ಒಳಗೆ ಬಾ,” ಅಂದಳು ಕೊನೆಗೆ. “ಕ್ಷಮಿಸಿದೀನಿ ಅಂತಲ್ಲ. ನನ್ನ ಬೈಗುಳ ಬಾಗಿಲಲ್ಲಿ ನಿಂತ್ರೆ ಮುಗಿಯಲ್ಲ.”

“ಎಷ್ಟು ದಿನ ಬೈತೀಯ?”

“ನಿಂಗ್ಯಾಕೆ? ದಿನಾ ಬಂದು ಕೇಳಿಸ್ಕೋ.”

‘ದಿನಾ’ ಎಂಬ ಆ ಪದಕ್ಕೆ ಅವನ ಕಣ್ಣು ತುಂಬಿತು. ಅವಳು ಲಕೋಟೆ ತೆಗೆದುಕೊಂಡಳು. ಬೆರಳಿಗೆ ಬೆರಳು ತಾಗಿತು. ಅವಳು ಎಳೆದುಕೊಳ್ಳಲಿಲ್ಲ.

ಪರದೆ ಅಲುಗಿತು. ಬರೀ ಪೆಟಿಕೋಟಿನಲ್ಲಿ, ಅರ್ಧ ಹೆಣೆದ ಜಡೆಯಲ್ಲಿ ಗುಬ್ಬಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ!

ಅವನು ಮಂಡಿಯೂರಿ ಕೈ ಚಾಚಿದ. ಎಂಟು ವರ್ಷದ ಹುಡುಗಿ ಹತ್ತಿರ ಬರಲಿಲ್ಲ, ಅಳಲೂ ಇಲ್ಲ. ಕಳೆದ ತಿಂಗಳು ಹಣೆ ಕಾದ ಹಂಚಿನಂತೆ ಸುಡುತ್ತಿದ್ದರೂ, “ಏನೂ ಆಗಿಲ್ಲಮ್ಮಾ, ಚೆನ್ನಾಗೇ ಇದೀನಿ” ಎಂದು ಹಟ ಹಿಡಿದು ಶಾಲೆಗೆ ಹೊರಟವಳು ಇವಳು. ಯಾಕೆಂದು ತಾಯಿಗೆ ಆಗ ತಿಳಿದಿರಲಿಲ್ಲ.

ಗುಬ್ಬಿ ಇಬ್ಬರನ್ನೂ ಒಮ್ಮೆ ನೋಡಿದಳು.

“ಅಪ್ಪಾ... ಅವತ್ತು ನಂಗೆ ಜ್ವರ ಬರದೇ ಇದ್ದಿದ್ರೆ, ನೀವಿಬ್ರೂ ಒಟ್ಟಿಗೇ ಇರ್ತಿದ್ರಿ ಅಲ್ವಾ?”