ಕೋರ್ಟಿನ ಸ್ನೇಹಿತೆ

“ನೀವು ಅಜ್ಜಿ ಕಡೆ ಲಾಯರ್ ಅಲ್ವಾ? ಮಗು ನನ್ನ ಹತ್ರಾನೇ ಇರುತ್ತೆ. ಹೋಗಿ ಹೇಳಿ.”

ಬಾಗಿಲನ್ನು ಅರ್ಧ ತೆರೆದು ಹೀಗಂದವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಯಾರೋ ಬರೆದುಕೊಟ್ಟದ್ದನ್ನು ಓದಿದಂತಿತ್ತು.

“ನಾನು ಯಾರ ಕಡೆಯೂ ಅಲ್ಲ,” ಎಂದಳು ವಕೀಲೆ. “ಎರಡೂ ಮನೆ ನೋಡಿ, ಮಗು ಎಲ್ಲಿದ್ರೆ ಒಳ್ಳೇದು ಅಂತ ಹೇಳೋಕೆ ಜಡ್ಜ್ ನನ್ನನ್ನ ನೇಮಿಸಿದ್ದಾರೆ. ಅಮಿಕಸ್ ಅಂತಾರೆ. ಕೋರ್ಟಿನ ಸ್ನೇಹಿತೆ.”

“ಅಂದ್ರೆ ಜಡ್ಜ್‌ಗೆ ಫ್ರೆಂಡು. ನನಗೆ ಆಗೋ ಹಾಗಿಲ್ಲ.”

“ಕೇಸ್ ಮುಗಿಯೋವರೆಗೂ ಇಲ್ಲ.”

ಬಾಗಿಲು ಪೂರ್ತಿ ತೆರೆಯಿತು.

ಅವನು ಕೃತಕ ಹಲ್ಲಿನ ಸೆಟ್ ಮಾಡುವವನು. ಅಣ್ಣ, ಅತ್ತಿಗೆ ಕಾರು ಅಪಘಾತದಲ್ಲಿ ಒಟ್ಟಿಗೇ ಹೋದಮೇಲೆ ಅವರ ಪುಟ್ಟ ಮಗಳು ಗುಬ್ಬಿಯನ್ನು ಮನೆಗೆ ಕರೆತಂದಿದ್ದ. ಮಗು ತನಗೆ ಬೇಕೆಂದು ಅತ್ತಿಗೆಯ ಅಮ್ಮ ಕೋರ್ಟಿಗೆ ಹೋಗಿದ್ದರು. ತೀರ್ಪು ಬರುವವರೆಗೆ ಗುಬ್ಬಿ ಅರ್ಧ ವಾರ ಅಲ್ಲಿ, ಅರ್ಧ ವಾರ ಇಲ್ಲಿ.

“ಅಳು ಬರ್ತಾನೇ ಇಲ್ಲ ಮೇಡಂ,” ಎಂದ ಇನ್ನೊಂದು ಭೇಟಿಯಲ್ಲಿ, ಮೇಣದ ವಸಡನ್ನು ತಿದ್ದುತ್ತ. “ಊಟ ಮಾಡ್ತೀನಿ, ನಿದ್ದೆ ಮಾಡ್ತೀನಿ. ಅಷ್ಟೇ.”

ಸಮಾಧಾನ ಹೇಳುವಂತೆ ಅವಳು ನಸುನಕ್ಕಳು.

“ನಿಮ್ಮ ಮುಂದಿನ ಹಲ್ಲು ಒಂದರ ಮೇಲೊಂದು ಹತ್ತಿದೆ.”

“ಸರಿ ಮಾಡಿಸ್ಕೋಬೇಕಾ?”

“ಬೇಡ. ಅಂಥದ್ದನ್ನ ನಾನು ಎಷ್ಟು ಒದ್ದಾಡಿದ್ರೂ ಮಾಡೋಕಾಗಲ್ಲ.”

ಕಸುಬಿನವನ ಕಣ್ಣಿನಿಂದ ನೋಡಿದ್ದ. ನೋಡಿಯಾದ ಮೇಲೂ ಕಣ್ಣು ಅಲ್ಲೇ ಉಳಿಯಿತು. ಪರರ ಮನೆಜಗಳ ಕೇಳಿ ಕೇಳಿ ಅವಳ ಮನಸ್ಸು ಎಂದೋ ಜಡ್ಡುಗಟ್ಟಿತ್ತು. ಆದರೂ ಮೆಟ್ಟಿಲಿಳಿಯುವಾಗ ಬೆರಳು ತಾನಾಗಿ ತುಟಿಯ ಮೇಲಿತ್ತು.

ಅಜ್ಜಿಯ ಮನೆಯಲ್ಲಿ ಗುಬ್ಬಿ ರಚ್ಚೆ ಹಿಡಿಯುತ್ತಿದ್ದಳು, ಅಮ್ಮ ಬೇಕೆಂದು ನೆಲಕ್ಕೆ ಬಿದ್ದು ಹೊರಳುತ್ತಿದ್ದಳು. ಚಿಕ್ಕಪ್ಪನ ಮನೆಯಲ್ಲಿ ಮಾತ್ರ ಬಾಯಿಗೆ ಬೀಗ. ಕೊಟ್ಟದ್ದನ್ನು ತಿಂದು ಸುಮ್ಮನೆ ಕೂರುತ್ತಿದ್ದಳು.

“ಇಲ್ಲಿ ಯಾಕೆ ಅಳಲ್ಲ ಪುಟ್ಟಿ?” ಎಂದು ವಕೀಲೆ ಮೆಲ್ಲಗೆ ಕೇಳಿದಳು.

“ಚಿಕ್ಕಪ್ಪ ಅಳಲ್ವಲ್ಲ.”

ವರದಿಯಲ್ಲಿ ಏನು ಬರೆಯಬೇಕೆಂದು ಅವಳಿಗೆ ಆಗಲೇ ಗೊತ್ತಾಯಿತು.

ವಿಚಾರಣೆಯ ದಿನ ಎದ್ದು ನಿಂತಳು. “ವರದಿಗೆ ಮೊದಲು ಒಂದು ವಿಷಯ ಕೋರ್ಟಿಗೆ ತಿಳಿಸಬೇಕು. ಮಗುವಿನ ಚಿಕ್ಕಪ್ಪನ ಬಗ್ಗೆ ನನಗೆ ಒಲವು ಹುಟ್ಟಿದೆ. ಅವರಿಗೂ ಇದು ಗೊತ್ತಿಲ್ಲ. ಬೇಡವೆಂದರೆ ನನ್ನನ್ನು ಬದಲಿಸಬಹುದು.”

ಮುಂದಿನ ವಾಯಿದೆ ಕೇಳುವ ದನಿಯಲ್ಲೇ ಹೇಳಿದ್ದಳು. ಟೈಪಿಸ್ಟ್ ಕೈ ನಿಂತಿತು. ಜಡ್ಜ್ ಕನ್ನಡಕ ತೆಗೆದರು. “ಅಜ್ಜಿಯವರೇ, ಆಕ್ಷೇಪಣೆ ಇದೆಯಾ?”

“ಮೊದಲು ಓದ್ಲಿ ಸ್ವಾಮಿ. ಆಮೇಲೆ ಹೇಳ್ತೀನಿ.”

ಓದಿದಳು. ಮಗು ಅಜ್ಜಿಯ ಬಳಿ ಇರಬೇಕು, ಅಲ್ಲಿ ಅದು ಮನಸಾರೆ ಅಳುತ್ತದೆ. ಚಿಕ್ಕಪ್ಪ ಬೇಕೆಂದಾಗ ಬಂದು ನೋಡಬಹುದು. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ನಂದೇನೂ ಇಲ್ಲ,” ಎಂದರು ಅಜ್ಜಿ, ಕಣ್ಣೊರೆಸಿಕೊಂಡು. “ಅವನ ಮೇಲೆ ಮನಸ್ಸಿಟ್ಟೂ ಹೀಗೆ ಬರೆದಿದ್ದಾಳಲ್ಲ.”

“ನಿಮ್ಮದು?” ಜಡ್ಜ್ ಅವನತ್ತ ತಿರುಗಿದರು.

“ವರದಿ ಸರಿಯಾಗಿದೆ.” ಅವನು ವಕೀಲೆಯತ್ತ ನೋಡಿದ. “ಅವರ ಮೊದಲನೇ ಮಾತಿಗೂ ನನ್ನ ಆಕ್ಷೇಪಣೆ ಇಲ್ಲ.”

ಆದೇಶವಾಯಿತು. ಅಜ್ಜಿಯ ಕೈಹಿಡಿದು ಗುಬ್ಬಿ ಹೊರಟುಹೋದ ಮೇಲೆ ಕಾರಿಡಾರಿನ ಬೆಂಚಿನಲ್ಲಿ ಅವನೊಬ್ಬನೇ ಕೂತಿದ್ದ.

“ನನ್ನ ಮೇಲೆ ಕೋಪಾನಾ?” ಎಂದಳು ವಕೀಲೆ, ಹತ್ತಿರ ಬಂದು.

“ಏನೂ ಅನ್ನಿಸ್ತಿಲ್ಲ. ಇಂಜೆಕ್ಷನ್ ಕೊಟ್ಟ ದವಡೆ ಥರ ಇದೀನಿ. ನಿಮ್ಮನ್ನ ಕಂಡ್ರೆ ಇಷ್ಟ. ಗೊತ್ತು. ಆದ್ರೆ ಮುಟ್ಟಿದ್ರೆ ಗೊತ್ತಾಗ್ತಿಲ್ಲ.”

“ಜೋಮು ಬಿಡುತ್ತೆ.”

“ಬಿಡುವಾಗ ತುಂಬ ನೋವಾಗುತ್ತೆ ಮೇಡಂ.”

“ಆಗಲಿ. ಇರ್ತೀನಿ. ಮೇಡಂ ಅನ್ನೋದು ಬಿಡಿ.”

ಪಕ್ಕದಲ್ಲಿ ಕೂತಳು. ಮುಂದಿನ ಕೇಸಿನವರನ್ನು ಕೂಗಿದರು. ಜನ ಅವರ ಮುಂದೆಯೇ ನುಗ್ಗಿ ಒಳಹೋದರು. ಅವನ ಕೈ ಬೆಂಚಿನ ಮೇಲೆ ತಣ್ಣಗೆ ಬಿದ್ದಿತ್ತು. ಅದರ ಮೇಲೆ ತನ್ನ ಕೈಯಿಟ್ಟಳು. ಎಷ್ಟೋ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವನ ಕಿರುಬೆರಳು ಮೆಲ್ಲನೆ ಬಾಗಿ ಅವಳ ಬೆರಳನ್ನು ಹಿಡಿಯಿತು.