ಹುರುಳಿ ಮೇಲೆ ಹತ್ತು ಸುತ್ತು

ಅಮರೇಶನ ಬೈಕಿಗೆ ಕಟ್ಟಿದ ಚೀಲದ ಬಾಯಿ ತೆರೆದಿತ್ತು. ಒಳಗೆ ಎಲೆ ಅಡಿಕೆ, ಎರಡು ತೆಂಗಿನಕಾಯಿ, ಬಾಳೆಹಣ್ಣು... ಒದ್ದೆ ಬಟ್ಟೆಯಲ್ಲಿ ಸುತ್ತಿದ ಎರಡು ಮಾರು ಕನಕಾಂಬರ.

ತ್ರಿವೇಣಿ ಹಾಕಿಕೊಳ್ಳಲು ಎತ್ತಿದ ಹೆಲ್ಮೆಟ್ ಅರ್ಧದಲ್ಲೇ ನಿಂತಿತು.

"ಇದೆಲ್ಲಾ ಯಾರಿಗೋ?"

"ಕಲ್ಯಾಣದುರ್ಗದಾಗೆ ಒಬ್ರ ಮನೆಗೆ ಹೋಗ್ಬೇಕು ಕಣೇ. ದೊಡ್ಡೋರ ಮನೆಗೆ ಬರೀಕೈಲಿ ಹೋದ್ರೆ ಚೆಂದಾಗಿರಲ್ಲ." ಅವಳ ಮುಖ ನೋಡದೆ ಚೀಲದ ಬಾಯಿ ಕಟ್ಟಿದ.

ಹೂವು, ಹಣ್ಣು, ಎಲೆ ಅಡಿಕೆ ತೆಗೆದುಕೊಂಡು ಒಬ್ಬ ಗಂಡಸು ಯಾರ ಮನೆಗೆ ಹೋಗುತ್ತಾನೆ? ಹೆಣ್ಣು ನೋಡುವುದಕ್ಕೆ... ಇನ್ಯಾತಕ್ಕೆ?

ಹಿಂದೂಪುರದಲ್ಲಿ ಅಪ್ಪನ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುವ ತ್ರಿವೇಣಿ, ರೇಷ್ಮೆಗೂಡಿನ ವ್ಯಾಪಾರಿ ಅಮರೇಶ. ಎರಡು ವರ್ಷದಿಂದ ಭಾನುವಾರ ಬಂದರೆ ಇಬ್ಬರ ಬೈಕುಗಳೂ ಟಾರು ಬಿಟ್ಟು ಜಲ್ಲಿ ದಾರಿ ಹಿಡಿಯುತ್ತಿದ್ದವು. ಅವನ ಮೇಲಿನ ಆಸೆಯನ್ನು ಅವಳು ಅವನಿಗೆ ಹೇಳಿರಲಿಲ್ಲ. ಹೇಳಲು ಭಾನುವಾರಗಳು ಬೇಕಾದಷ್ಟಿವೆ ಅಂದುಕೊಂಡಿದ್ದಳು.

ಈಗ ಉಳಿದಿದ್ದು ಕಲ್ಯಾಣದುರ್ಗದವರೆಗಿನ ದಾರಿ ಮಾತ್ರ.

ಮಡಕಶಿರಾ ದಾಟಿದ ಮೇಲೆ ಕೆಂಪು ಮಣ್ಣು, ಗುಂಡುಕಲ್ಲಿನ ಗುಡ್ಡ, ಚಳಿಗಾಲದ ಎಳೆ ಬಿಸಿಲು. ಜಲ್ಲಿಯ ಮೇಲೆ ಹಿಂದಿನ ಚಕ್ರ ಜಾರಿದಾಗಲೆಲ್ಲ ಅವಳ ಹೊಟ್ಟೆಯಲ್ಲಿ ಕಚಗುಳಿ. ಮನಸ್ಸು ಭಾರವಿದ್ದರೂ ಮೈ ಮಾತ್ರ ಖುಷಿಯಲ್ಲಿತ್ತು.

ಒಂದು ದಿಣ್ಣೆಯ ಮೇಲೆ ನೀರು ಕುಡಿಯಲು ನಿಂತರು. ಅಮರೇಶ ಎಂದಿನಂತೆ ಬುರುಡೆ ಬಿಡಲು ಶುರು ಮಾಡಿದ.

"ಹೋದ ವರ್ಸ ಇಲ್ಲಿಂದ್ಲೇ ಗಾಡಿ ಎಗರಿಸಿದ್ನಾ, ಅರ್ಧ ಗಂಟೆ ಕೆಳಿಕ್ಕೇ ಬರ್ಲಿಲ್ಲ. ಒಂದು ಹದ್ದು ಪಕ್ಕಕ್ಕೆ ಬಂದು ಸೈಡ್ ಕೊಡಪ್ಪಾ ಅಂತು."

"ಕೊಟ್ಯಾ?"

"ಇಂಡಿಕೇಟರ್ ಹಾಕಿ ಕೊಟ್ಟೆ."

ನಗಬಾರದು ಅಂದುಕೊಂಡಿದ್ದಳು. ನೀರು ಮೂಗಿಗೆ ಏರುವಷ್ಟು ನಕ್ಕಳು.

ಕುಂದುರ್ಪಿ ಹತ್ತಿರ ಸಣ್ಣ ಟಾರು ರಸ್ತೆ ಸಿಕ್ಕಿತು. ಅದರ ತುಂಬ ಯಾರೋ ಹುರುಳಿ ಗಿಡ ಹರಡಿದ್ದರು. ತುಳಿದು ಹಾಳು ಮಾಡಬಾರದೆಂದು ಇಬ್ಬರೂ ಅಂಚಿನಲ್ಲೇ ಮೆಲ್ಲಗೆ ಸಾಗಿದರು. ಕೋಲು ಹಿಡಿದ ಅಜ್ಜಿಯೊಬ್ಬಳು ಅಡ್ಡ ನಿಂತಳು. ಹೆಸರು ಮುನೆಮ್ಮ.

"ಏಮಯ್ಯಾ, ನನ್ನುರುಳಿ ನಿಂಗೇನ್ ಮಾಡ್ತು, ಪಕ್ಕಕ್ಕೆ ಹೋಯ್ತೀಯ? ಗಾಡಿ ಹತ್ತಿ ಕಾಳು ಉದುರ್ಲಿ ಅಂತ್ಲೇ ರೋಡಿಗೆ ಹಾಕಿರೋದು. ಬೆಳಗಿಂದ ಒಂದೇ ಟ್ಯಾಕ್ಟ್ರು ಬಂದೈತೆ. ತಿರುಗ್ಸು. ಹತ್ತು ಸುತ್ತು ಹೊಡೆದು ಹೋಗು."

"ಹತ್ತಾ ಅಜ್ಜಿ?"

"ಮಾತಾಡಿದ್ರೆ ಹನ್ನೊಂದು."

ಹೊಡೆದರು. ಚಕ್ರದಡಿ ಕಾಯಿ ಪಟಪಟ ಸಿಡಿದವು, ಹೊಟ್ಟು ಹಾರಿ ಕೂದಲಿಗೆ ಅಂಟಿತು. ಏಳನೆಯ ಸುತ್ತಿಗೆ ಅಮರೇಶ ಬೈಕು ಸಮೇತ ಜಾರಿ ಗಿಡದ ರಾಶಿಯೊಳಗೆ ಹೋದ. ಹೊರಗೆ ಕಂಡಿದ್ದು ಎರಡು ಬೂಟು ಮಾತ್ರ.

"ನಿನ್ ಎಂಡ್ತೀನೇ ನಿನಗಿಂತ ಸಂದಾಗಿ ಓಡಿಸ್ತಾಳೆ ಕಣ್ಲಾ," ಎಂದಳು ಮುನೆಮ್ಮ.

ತ್ರಿವೇಣಿಯ ಕೆನ್ನೆ ಬಿಸಿಯಾಯಿತು.

"ಹೆಂಡ್ತಿ ಅಲ್ಲ ಕಣಜ್ಜಿ, ಫ್ರೆಂಡು." ಹೊಟ್ಟು ಉಗುಳುತ್ತ ಅವನು ಎದ್ದ.

"ಮತ್ತೆ ಎಂಡ್ತಿ ಎಲ್ಲಿ?"

"ಯಾರು ಅಂತ ಇವತ್ತು ಸಂಜೆಗೆ ಗೊತ್ತಾಯ್ತದೆ."

ಅಷ್ಟೇ... ಅವಳ ಅನುಮಾನ ಖಚಿತವಾಯಿತು.

ಕಂಬದೂರು ದಾಟಿ ಗಾಳಿಯಂತ್ರಗಳ ನಡುವಿನ ಜಲ್ಲಿ ದಾರಿಗೆ ಬಂದರು. ಎದುರಿಗೆ ಕಲ್ಯಾಣದುರ್ಗದ ಮನೆಗಳು ಕಂಡವು. ತ್ರಿವೇಣಿ ಬೈಕನ್ನು ರೊಯ್ಯನೆ ಮುಂದಕ್ಕೆ ಬಿಟ್ಟು ದಾರಿಗೆ ಅಡ್ಡ ನಿಲ್ಲಿಸಿದಳು.

'ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ.'

"ನೀನು ಹೆಣ್ಣು ನೋಡೋಕೆ ಹೋಯ್ತಿದ್ದೀಯ. ಹೋಗು. ಆದ್ರೆ ಒಂದು ಕೇಳಿಸ್ಕೊಂಡು ಹೋಗು..." ಅವಳು ಹೆಲ್ಮೆಟ್ ಕಳಚಿದಳು. "ವಾರ ಪೂರ್ತಿ ಅಂಗಡೀಲಿ ಮೊಳೆ ತೂಗೋಳು ನಾನು. ಭಾನುವಾರ ನಿನ್ ಸುಳ್ಳು ಕೇಳೋಕೇ ಆರು ದಿನ ಕಾಯ್ತೀನಿ. ನಂಗೆ ನೀನು ಬೇಕು ಕಣೋ. ಹೇಳಿದೆ, ಅಷ್ಟೇ. ಈಗ ನಾ ವಾಪಸ್ ಹೋಯ್ತೀನಿ."

ಅಮರೇಶ ಇಂಜಿನ್ ಆರಿಸಿದ.

"ನೀನು ವಾಪಸ್ ಹೋದ್ರೆ ಅಲ್ಲಿ ನಾನೊಬ್ನೇ ಏನ್ ಮಾಡ್ಲಿ? ಹೋಯ್ತಿರೋದು ನಿಮ್ ಸೋದರಮಾವನ ಮನೆಗೆ ಕಣೇ. ಶಿವಯೋಗಪ್ಪನೋರು ಊಟಕ್ಕೆ ಕಾಯ್ತಾವ್ರೆ."

"ನಮ್ ಮಾವನ ಮನೆಗಾ... ಯಾತಕ್ಕೆ?" ಮಾವ ಇರುವುದೂ ಅದೇ ಊರಲ್ಲಿ ಎಂಬುದು ಅವಳಿಗೆ ಇಷ್ಟು ಹೊತ್ತೂ ಹೊಳೆದಿರಲಿಲ್ಲ.

"ನಿಮ್ಮನೇಲಿ ಹೆಣ್ಣು ಕೇಳ್ಬೇಕಂದ್ರೆ ಮೊದ್ಲು ತಾಯಿ ತಮ್ಮ ಒಪ್ಬೇಕು, ಆಮೇಲೆ ಅಪ್ಪ. ಪದ್ಧತಿ ತಪ್ಪಿದ್ರೆ ಕೊಡಲ್ಲ ಅಂತ ನಮ್ಮಮ್ಮ ಹೇಳ್ತು. ಅದ್ಕೇ ಮೊದ್ಲು ಮಾವ, ನಾಡಿದ್ದು ನಿಮ್ಮಪ್ಪ, ಆಮೇಲೆ ಮಠದ ಸ್ವಾಮಿಗಳು..."

"ನಾನು?"

"ಆಂ?"

"ಎಲ್ಲಾರ್ನೂ ಕೇಳೋಕೆ ಲಿಸ್ಟ್ ಮಾಡಿದ್ದೀಯಲ್ಲ. ಅದ್ರಾಗೆ ನಾನು ಎಷ್ಟನೇಯೋಳು? ಮರ್ತೇಬಿಟ್ಯಾ?"

ಅವನ ಮುಖ ನೋಡಬೇಕಿತ್ತು. ಪದ್ಧತಿಯ ಪ್ರಕಾರ ಒಬ್ಬರನ್ನೂ ಬಿಡದೆ ಹೊರಟ ಮಹಾರಾಯ, ಹುಡುಗಿಯನ್ನೇ ಕೇಳುವುದು ಮರೆತಿದ್ದ!

"ಮರೀಲಿಲ್ಲ... ಹೆದ್ರಿದೆ. ಸುಳ್ಳಾದ್ರೆ ನಿಂತ್ಕಡೇಲೇ ನೂರು ಹೇಳ್ತೀನಿ. ಇದು ನಿಜ ಅಲ್ವಾ, ನಾಲಿಗೆ ತಿರುಗ್ಲಿಲ್ಲ."

ತ್ರಿವೇಣಿ ಕಣ್ಣು ಒರೆಸಿಕೊಂಡಳು. ಅಳುವಿನ ಮಧ್ಯೆಯೇ ನಗು ಉಕ್ಕಿತು.

"ಹಂಗಾದ್ರೆ ಈಗ ಕೇಳು."

ಅವನು ಬೈಕಿನಿಂದ ಇಳಿದು ಹತ್ತಿರ ಬಂದ.

"ನನ್ನ ಮದ್ವೆ ಆಗ್ತೀಯೇನೇ?"

"ಮಾವನ ಮುಂದೆ ನೀನು ಬಾಯಿ ಬಿಡ್ಬೇಡ. ನಿನ್ ಮಾತು ಯಾರೂ ನಂಬಲ್ಲ. ನಾನೇ ಹೇಳ್ತೀನಿ."

"ಏನಂತ?"

"ನಂಗೆ ಇವನೇ ಗಂಡ ಆಗ್ಬೇಕು ಅಂತ."

"ಗಾಳೀಲಿ ಸರ್ಯಾಗಿ ಕೇಳಿಸ್ಲಿಲ್ಲ ಕಣೇ."

"ಕೇಳಿಸ್ತು ನಿಂಗೆ."

"ಕೇಳಿಸ್ತು... ಆದ್ರೂ ಇನ್ನೊಂದ್ಸಲ ಹೇಳು."

ಅವಳು ಅವನ ಕಿವಿಯ ಹತ್ತಿರ ಬಾಗಿ, ನಿಧಾನವಾಗಿ, ಮತ್ತೆ ಹೇಳಿದಳು.